ಕಾರಿನ ಛತ್ತಿಗೆ ಹೋದ ಆಯೇರಿ

ನನಗೆ ಬಂದ ಮೊದಲ ಸಂಬಂಧ ಮುರಿದದ್ದು ಕಾರಿನ ಛತ್ತಿನ ಬಟ್ಟೆಯಿಂದ. ಹೀಗೆ ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ. ಬಂಗಾರದ ಮಾತಿಗೆ ಲಗ್ನ ಮುರಿದರೆ ಅಯ್ಯೋ ಪಾಪ ಅನ್ನುವ ಜನ, ಬಟ್ಟೆಯ ತುಂಡಿಗೆ ಮುರಿದರೆ ಹಲ್ಲು ಕಿಸಿಯುತ್ತಾರೆ. ಅದಕ್ಕೇ ಇಷ್ಟು ವರ್ಷ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಈಗ ಅಪ್ಪ ಇಲ್ಲ, ಅವ್ವನೂ ಇಲ್ಲ, ಆ ಕಾರು ಎಂದೋ ಗುಜರಿಗೆ ಹೋಗಿರಬೇಕು. ನನ್ನ ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಕಾಗವಾಡದಿಂದ ಅಥಣಿಗೆ ಹೋಗುವ ರಸ್ತೆಯಿಂದ ತುಸು ಒಳಗೆ ನಮ್ಮ ತೋಟ, ತೋಟದಲ್ಲೇ ಮನೆ. ದ್ರಾಕ್ಷಿಗೆ ಒಳ್ಳೆಯ ರೇಟು ಸಿಕ್ಕ ವರ್ಷ ಅಪ್ಪ ಮಿರಜಿನ ಡಾಕ್ಟರೊಬ್ಬರು ಬಳಸಿ ಬಿಟ್ಟ ಬಿಳಿ ಅಂಬಾಸಿಡರ್ ತಂದ. ನಮ್ಮ ಸುತ್ತಿನ ತೋಟಗಳಲ್ಲಿ ಆಗ ಯಾರಲ್ಲೂ ಕಾರಿರಲಿಲ್ಲ. ಹಾಗಾಗಿ ಅಪ್ಪ ಕೊತ್ತಂಬರಿ ತರಬೇಕಾದರೂ ಕಾರಿನಲ್ಲೇ ಹೋಗುತ್ತಿದ್ದ. ಹೊರಗಿನಿಂದ ಗಾಡಿ ಗತ್ತಾಗಿಯೇ ಕಾಣುತ್ತಿತ್ತು. ಒಳಗೆ ಕೂತವರಿಗೆ ಮಾತ್ರ ಅದರ ಅಂದ ಗೊತ್ತು.

ಒಳಗೆ ತಲೆಯ ಮೇಲಿನ ಛತ್ತಿಗೆ ಕಂಪನಿಯವರು ಕಟ್ಟಿದ ಬಟ್ಟೆ ಹಳತಾಗಿ, ಹೊಲಿಗೆ ಬಿಚ್ಚಿ, ಶ್ರೀಖಂಡಕ್ಕೆ ಮೊಸರು ಕಟ್ಟಿದ ಅರಿವೆಯ ಹಾಗೆ ನಡುವೆ ಜೋತು ಬಿದ್ದಿತ್ತು. ಗಾಡಿ ಓಡಿದರೆ ಗಾಳಿ ತುಂಬಿಕೊಂಡು ಉಬ್ಬುತ್ತಿತ್ತು, ನಿಂತರೆ ತಲೆಯ ಮೇಲೆ ಕೂರುತ್ತಿತ್ತು. ಹಿಂದೆ ಕೂತವರು ಒಂದು ಕೈಯಿಂದ ಅದನ್ನು ಎತ್ತಿ ಹಿಡಿದೇ ಪ್ರಯಾಣ ಮಾಡಬೇಕು. ಅವ್ವ ತನ್ನ ಬಳೆಗೆ ಸಿಕ್ಕಿಸಿಕೊಂಡ ಪಿನ್ನುಗಳನ್ನೆಲ್ಲ ಅದಕ್ಕೆ ಚುಚ್ಚಿ ನೋಡಿದಳು. ಪಿನ್ನು ಚುಚ್ಚಿದಲ್ಲಿ ಹರಿದು ಇನ್ನಷ್ಟು ಇಳಿಯಿತು. ಮೇಲಿನಿಂದ ಉದುರುವ ಕಂದು ಪುಡಿ ಕೂದಲಲ್ಲಿ ಸೇರಿದರೆ ತೊಳೆದರೂ ಹೋಗುತ್ತಿರಲಿಲ್ಲ. ಒಮ್ಮೆ ದೊಡ್ಡಪ್ಪ ಗತ್ತಿನಿಂದ ಕಾರಿಳಿದು ನಾಲ್ಕು ಹೆಜ್ಜೆ ಹೋದ ಮೇಲೆ ತಲೆ ಮುಟ್ಟಿ ನೋಡಿಕೊಂಡ. ರುಮಾಲು ಕಾರಿನೊಳಗೆ ಪಿನ್ನಿಗೆ ಸಿಕ್ಕಿ ಜೋತಾಡುತ್ತಿತ್ತು. ಅಪ್ಪನಿಗೆ ಇದಾವುದೂ ತೊಂದರೆ ಅನಿಸಲಿಲ್ಲ. ಅವನು ಮುಂದೆ ಕೂತು ಓಡಿಸುವವ, ಅಲ್ಲಿ ಬಟ್ಟೆ ಗಟ್ಟಿಯಾಗಿತ್ತು.

ಹೀಗಿರುವಾಗ ರಾಯಬಾಗದ ಸಂಬಂಧದ ಮಾತು ಬಂತು. ಅದರ ಬೀಜ ಎರಡು ವರ್ಷ ಹಿಂದೆ ಬಿದ್ದದ್ದು. ನಮ್ಮ ಹೊಸ ಮನೆಯ ವಾಸ್ತುಶಾಂತಿಗೆ ರಾಯಬಾಗದ ಕಬ್ಬಿನ ರೈತರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಅಪ್ಪನಿಗೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮುಂದೆ ಗಾಡಿ ಪಾಳಿಯಲ್ಲಿ ಆದ ಸ್ನೇಹಿತರು. ಊಟಕ್ಕೆ ಬಡಿಸುತ್ತಿದ್ದ ನನ್ನನ್ನು ನೋಡಿ, "ಈ ಹುಡಗೀನ ನಮ್ಮ ಮನೀಗೆ ಕೊಡ್ರಿ, ಬ್ಯಾರೆ ಕಡೆ ನೋಡಬ್ಯಾಡ್ರಿ" ಅಂದು ಹೋದರು. ಮರುವರ್ಷ ಎದೆನೋವು ಬಂದು ತೀರಿಕೊಂಡರು. ಅವರ ಹೆಂಡತಿ ಗಂಡನ ಆ ಮಾತನ್ನು ಬಿಡಲಿಲ್ಲ. ವರ್ಷದ ಕಾರ್ಯ ಮುಗಿಸಿ, ಹೈಸ್ಕೂಲು ಮಾಸ್ತರನಾಗಿದ್ದ ಮಗನನ್ನು ನನ್ನನ್ನು ನೋಡಲು ಕಳಿಸಿದರು.

ಹುಡುಗನ ಬಗ್ಗೆ ಹೇಳುವುದು ಬಹಳ ಇಲ್ಲ. ನೋಡಲು ಸಾಧಾರಣ. ಪ್ಯಾಂಟಿನ ಒಂದು ಕಾಲಿನ ಮಡಿಕೆ ಬಿಚ್ಚಿತ್ತು, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಚಹಾ ಕೊಡುವಾಗ ಪಡಸಾಲೆಯ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ ನೋಡಿ, "ಇದು ಯಾರ್ದು?" ಅಂದ. ನನ್ನದು ಅಂದೆ. ಏನೇನು ಹೊಲಿಯುತ್ತೀ, ಎಲ್ಲಿ ಕಲಿತೆ ಎಂದು ಕೇಳಿದ. ಅಥಣಿಯಲ್ಲಿ ಕಲಿತದ್ದು, ಸುತ್ತಿನ ತೋಟದ ಹೆಂಗಸರ ಕುಪ್ಪಸವೆಲ್ಲ ನನ್ನ ಕೈಯಲ್ಲೇ ಆಗುವುದು, ಎಲ್ಲ ಹೇಳಿದೆ. ಅವನು, "ನಮ್ಮ ಮನೀಗೆ ರಸ್ತೆ ಕಡೆ ಒಂದು ಖೋಲಿ ಐತಿ, ಸುಮ್ಮನ ಬಿದ್ದೈತಿ. ಅಲ್ಲಿ ಮಿಷನ್ ಇಟ್ಟು ಹುಡಗೇರಿಗೆ ಕ್ಲಾಸ್ ನಡಸಬಹುದು ನೋಡು" ಅಂದ.

ಆ ಒಂದು ಮಾತಿಗೆ ನಾನು ಮನಸ್ಸು ಕೊಟ್ಟುಬಿಟ್ಟೆ. ಹುಡುಗನಿಗೆ ಕೊಟ್ಟೆನೋ ಖೋಲಿಗೆ ಕೊಟ್ಟೆನೋ ಇಂದಿಗೂ ಸರಿಯಾಗಿ ಹೇಳಲಾರೆ. ರಾತ್ರಿ ಮಲಗಿದರೆ ಆ ಖೋಲಿಗೆ ಕಿಟಕಿ ಯಾವ ಕಡೆ ಇರಬಹುದು, ಮಿಷನ್ನು ಬೆಳಕಿಗೆ ಹೇಗೆ ಇಡಬೇಕು, ಬಾಗಿಲಿಗೆ ಬೋರ್ಡು ಬೇಕೋ ಬೇಡವೋ ಎಂದೇ ಯೋಚನೆ. ನಮ್ಮ ಮನೆಯಲ್ಲಿ ಮಿಷನ್ನಿಗೆ ಜಾಗವಿತ್ತು, ಆದರೆ ನೆಂಟರು ಬಂದರೆ ಸರಿಸು, ದ್ರಾಕ್ಷಿ ಬುಟ್ಟಿ ಬಂದರೆ ಸರಿಸು. ರಸ್ತೆಗೆ ಮುಖ ಮಾಡಿದ, ಯಾರೂ ಸರಿಸು ಅನ್ನದ ಒಂದು ಜಾಗ ನನಗೆ ಬೇಕಾಗಿತ್ತು. ಬೇರೇನೂ ಬೇಡಿರಲಿಲ್ಲ.

ಮಾತುಕತೆ ಗಟ್ಟಿಯಾಗುವ ಮೊದಲು ಹುಡುಗನ ತಾಯಿ ಕೊಕಟನೂರ ಯಲ್ಲಮ್ಮನಿಗೆ ಹೋಗಿ ಕಾಯಿ ಒಡೆಸಿ ಬರಬೇಕು, ಅಲ್ಲಿಂದ ಬಂದು ಸಕ್ಕರೆ ಹಂಚಿ ನಿಶ್ಚಯ ಮಾಡೋಣ ಎಂದು ಹೇಳಿ ಕಳಿಸಿದರು. ಅಪ್ಪನಿಗೆ ಅಷ್ಟೇ ಸಾಕಾಯಿತು. "ನಮ್ಮ ಗಾಡಿ ತರತೀನಿ, ನೀವು ಬಸ್ಸಿಗೆ ಯಾಕ ಹೋಗತೀರಿ?" ಎಂದು ಮಾತು ಕೊಟ್ಟು ಬಂದ. ಮಾತು ಕೊಟ್ಟ ಮೇಲೆ ಛತ್ತು ನೆನಪಾಯಿತು. ಬೀಗರ ತಲೆಯ ಮೇಲೆ ಕಂದು ಪುಡಿ ಉದುರಿದರೆ ಮರ್ಯಾದೆ ಹೋಗುತ್ತದೆ ಎಂದು ಚಿಕ್ಕೋಡಿಯ ಕುಶನ್ ಅಂಗಡಿಗೆ ಗಾಡಿ ಒಯ್ದ. ಅಂಗಡಿಯವನು ಜೋತಿದ್ದ ಬಟ್ಟೆಯನ್ನು ಕಿತ್ತು ತೆಗೆದು, ಹೊಸ ಬಟ್ಟೆ ಬೇಕು, ಹೊಲಿಗೆ ಬೇಕು, ಇಷ್ಟಾಗುತ್ತದೆ ಅಂದ. ಅಪ್ಪನಿಗೆ ಹೊಟ್ಟೆ ಉರಿಯಿತು. "ಬಟ್ಟಿ ನಮ್ಮ ಮನ್ಯಾಗ ಟ್ರಂಕ್ ತುಂಬ ಬಿದ್ದೈತಿ, ಹೊಲಿಯಾಕ ಮಗಳದಾಳ. ನೀ ಬರೇ ಕಟ್ಟಿಕೊಡು" ಅಂದವನೇ ಹಳೆಯ ಬಟ್ಟೆಯ ಗಂಟು ಡಿಕ್ಕಿಗೆ ಹಾಕಿಕೊಂಡು ಮನೆಗೆ ಬಂದ.

ಟ್ರಂಕಿನಲ್ಲಿದ್ದದ್ದು ಆಯೇರಿ ಬಟ್ಟೆ. ನಮ್ಮ ಕಡೆ ಲಗ್ನ, ವಾಸ್ತುಶಾಂತಿ, ತೊಟ್ಟಿಲು, ಏನೇ ಆಗಲಿ, ಬಂದವರು ಮನೆಯವರಿಗೆ ಬಟ್ಟೆ ಕೊಡಬೇಕು. ಅದೇ ಆಯೇರಿ. ಗಂಡಸರಿಗೆ ಪ್ಯಾಂಟು-ಶರ್ಟಿನ ಪೀಸು ಅಥವಾ ಧೋತರ, ಹೆಂಗಸರಿಗೆ ಸೀರೆ-ಖಣ. ಕೊಡುವಾಗ ಬಟ್ಟೆಯ ಮೂಲೆಗೆ ಅರಿಷಿಣ ಕುಂಕುಮ ಹಚ್ಚಿ ಕೊಡುತ್ತಾರೆ. ಇದರಲ್ಲಿ ಉಡುವುದು ಕಡಿಮೆ. ಒಂದು ಮನೆಯಿಂದ ಬಂದದ್ದು ಇನ್ನೊಂದು ಮನೆಯ ಲಗ್ನಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಇದು ಎಲ್ಲರಿಗೂ ಗೊತ್ತು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದೇ ಒಂದು ತಪ್ಪು ಮಾಡಬಾರದು. ಕೊಟ್ಟವರ ಕಣ್ಣಿಗೇ ಅದು ತಿರುಗಿ ಬೀಳಬಾರದು.

ಆ ತಪ್ಪಾಗದಂತೆ ನೋಡಿಕೊಳ್ಳುವುದು ಹೆಂಗಸರ ಕೆಲಸ. ಅವ್ವ ಟ್ರಂಕಿನಲ್ಲಿ ದಿಕ್ಕಿನ ಪ್ರಕಾರ ಗುಂಪು ಮಾಡಿದ್ದಳು. ಅಥಣಿ ಕಡೆಯಿಂದ ಬಂದದ್ದು ಎಡಕ್ಕೆ, ನಿಪ್ಪಾಣಿ ಕಡೆಯದು ನಡುವೆ, ರಾಯಬಾಗ ಕಡೆಯದು ಬಲಕ್ಕೆ. ರಾಯಬಾಗದ ಲಗ್ನಕ್ಕೆ ಹೋಗುವಾಗ ಬಲಗಡೆ ಕೈ ಹಾಕಬಾರದು ಅಷ್ಟೇ. ಈ ಲೆಕ್ಕ ಅವಳೊಬ್ಬಳ ತಲೆಯಲ್ಲಿತ್ತು, ನನಗೆ ತಿಳಿದದ್ದು ಆಮೇಲೆ. ಆದರೆ ಅಪ್ಪ ಟ್ರಂಕು ತೆರೆದ ದಿನ ಅವ್ವ ಮನೆಯಲ್ಲಿರಲಿಲ್ಲ. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಬೋರಗಾಂವದ ತವರಿಗೆ ಹೋಗಿದ್ದಳು.

ಅಪ್ಪ ಟ್ರಂಕಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎತ್ತಿನ ಹಲ್ಲು ನೋಡುವವನ ಹಾಗೆ ಒಂದೊಂದೇ ಬಟ್ಟೆ ತಿಕ್ಕಿ ನೋಡಿದ. ಬಲಗಡೆಯ ಗುಂಪಿನ ತಳದಿಂದ ಬೂದಿ ಬಣ್ಣದ, ಸಣ್ಣ ಕಂದು ಗೆರೆಯ ದಪ್ಪ ಸೂಟಿನ ಬಟ್ಟೆಯನ್ನು ಎಳೆದ. ಸಫಾರಿಗೆಂದು ಕೊಟ್ಟದ್ದು, ದೊಡ್ಡ ಅಳತೆಯದು. ಸಾಲದ್ದಕ್ಕೆ ಅದೇ ಬಣ್ಣಕ್ಕೆ ಹೊಂದುವ ಬೇರೆ ಎರಡು ಪೀಸು. "ಇದು ಯಾರ ಕೊಟ್ಟದ್ದು, ಅವ್ವನ್ನ ಕೇಳಿ ತಗೊಳ್ಳೂಣು" ಅಂದೆ. "ಯಾರರ ಕೊಡ್ಲಿ, ಕೊಟ್ಟ ಮ್ಯಾಲ ನಮ್ಮದು. ನಿಮ್ಮವ್ವ ಏನ ಕೋರ್ಟಿನ ಜಡ್ಜ್ ಅದಾಳೇನ?" ಅಂದ. ಅಪ್ಪನ ಜೊತೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

ಹೊಲಿದೆ. ಒಳ್ಳೆಯ ಬಟ್ಟೆ ಹೊಲಿಯುವ ಸುಖ ಹೊಲಿಯುವವರಿಗೇ ಗೊತ್ತು. ಮೊದಲು ನೆನೆಸಿ ಒಣಗಿಸಿದೆ, ಆಮೇಲೆ ಜಗ್ಗಬಾರದು ಎಂದು. ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ, ಅವನ್ನೇ ಅಳತೆ ಇಟ್ಟು ಕತ್ತರಿಸಿದೆ. ಕಾರಿನ ಛತ್ತಿಗೆ ಅಡ್ಡಡ್ಡ ಕಬ್ಬಿಣದ ಸರಳುಗಳಿರುತ್ತವೆ, ಲಂಗಕ್ಕೆ ಲಾಡಿ ಪೋಣಿಸುವ ಹಾಗೆ ಅವು ಬಟ್ಟೆಯ ಮಡಿಕೆಯೊಳಗೆ ತೂರಬೇಕು. ಆ ಮಡಿಕೆಗಳಿಗೆ ಎರಡು ಸಲ ಹೊಲಿಗೆ ಹಾಕಿದೆ. ಸೂಟಿನ ಬಟ್ಟೆಯ ಒಂದು ಮೂಲೆಯಲ್ಲಿ ಕುಂಕುಮದ ಕಲೆಯಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮುಂದೆ ಬಂದರೆ ಕಾಣುತ್ತದೆ ಎಂದು ಹಿಂದಿನ ಸೀಟಿನ ಎಡಮೂಲೆಗೆ, ಕಿಟಕಿಯ ಮೇಲಕ್ಕೆ ಬರುವಂತೆ ಇಟ್ಟೆ. ಹೊಲಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಹುಡುಗನ ತಾಯಿ ಇದರ ಕೆಳಗೆ ಕೂತು, ಮೇಲೆ ನೋಡಿ, ಯಾರು ಹೊಲಿದದ್ದು ಎಂದು ಕೇಳಬೇಕು.

ಚಿಕ್ಕೋಡಿಯ ಅಂಗಡಿಯವನು ಅದನ್ನು ಸರಳಿಗೆ ಪೋಣಿಸಿ, ಅಂಚಿಗೆ ಅಂಟು ಹಚ್ಚಿ ಬಿಗಿದು ಕೊಟ್ಟ. ಡೋಲಿನ ಚರ್ಮದ ಹಾಗೆ ನಿಂತಿತು. ಅಪ್ಪ ಬಂದವರನ್ನೆಲ್ಲ ಕಾರಿನಲ್ಲಿ ಕೂರಿಸಿ ತಲೆ ಎತ್ತಿಸಿ ತೋರಿಸಿದ.

ಕೊಕಟನೂರಿಗೆ ಹೋಗುವ ಹಿಂದಿನ ದಿನ ಸಂಜೆ ಅವ್ವ ಬೋರಗಾಂವದಿಂದ ಬಂದಳು. ಕಾರನ್ನು ಕಂಡದ್ದು ಮರುದಿನ ಮುಂಜಾನೆ, ಹತ್ತುವಾಗಲೇ. ಕೂತವಳು ಮೇಲೆ ನೋಡಿದಳು. ಅವಳ ಮುಖ ಸುಣ್ಣ ಬಳಿದಂತಾಯಿತು. "ಈ ಬಟ್ಟಿ..." ಎಂದು ಶುರು ಮಾಡಿದಳು. ಅಪ್ಪ ಗಾಡಿ ಚಾಲೂ ಮಾಡುತ್ತಾ, "ಹೊರಡೂ ಹೊತ್ತಿನ್ಯಾಗ ತಕರಾರ ತಗೀಬ್ಯಾಡ. ಬಾಯಿ ಮುಚ್ಚಿಕೊಂಡು ಕುಂಡ್ರು" ಅಂದ. ಅವ್ವ ಬಾಯಿ ಮುಚ್ಚಿದಳು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ದಾರಿಯಲ್ಲಿ ಅವಳು ನನ್ನ ಕಿವಿಯಲ್ಲಿ, ಇದು ರಾಯಬಾಗದವರೇ ವಾಸ್ತುಶಾಂತಿಗೆ ಕೊಟ್ಟದ್ದು ಅಂದಳು. ಅವ್ವ ಎಡಮೂಲೆಗೆ ಸರಿದು, ಕುಂಕುಮದ ಕಲೆಯ ಕೆಳಗೆ ತಾನೇ ಕೂತಳು.

ಆದರೆ ರಾಯಬಾಗದಲ್ಲಿ ಹುಡುಗನ ತಾಯಿ ಹತ್ತುವಾಗ, "ನನಗ ಗಾಡ್ಯಾಗ ಹೊಟ್ಟಿ ತೊಳಸತೈತ್ರಿ, ಖಿಡಕಿ ಕಡೆ ಕುಂಡ್ರತೀನಿ" ಅಂದರು. ಬೀಗಿತ್ತಿಗೆ ಇಲ್ಲ ಅನ್ನಲು ಹೇಗಾಗುತ್ತದೆ? ಅವ್ವ ನಡುವೆ ಸರಿದಳು, ನಾನು ಬಲಗಡೆ. ಹುಡುಗನ ಸೋದರಮಾವ ಅಪ್ಪನ ಪಕ್ಕದಲ್ಲಿ ಮುಂದೆ ಕೂತರು. ಹುಡುಗ ಬರಲಿಲ್ಲ, ಶಾಲೆ ಇತ್ತು.

ಕುಡಚಿಯ ಹೊಳೆ ದಾಟುವವರೆಗೂ ಅವರು ಹೊರಗೆ ನೋಡುತ್ತಿದ್ದರು. ಹೊಳೆಗೆ ಕೈ ಮುಗಿದು, ಸೀಟಿಗೆ ತಲೆ ಒರಗಿಸಿ, ಮೇಲೆ ನೋಡಿದರು. "ಛಲೋ ಮಾಡಿಸೀರಿ. ಯಾರು ಹೊಲದಾರು?" ಅಂದರು. ನಾನು ಎಷ್ಟು ದಿನ ಕಾದ ಮಾತು ಅದು. ಅಪ್ಪ ಕನ್ನಡಿಯಲ್ಲಿ ನೋಡುತ್ತಾ, "ನಿಮ್ಮ ಸೊಸೀನ ಹೊಲದಾಳ್ರಿ" ಅಂದ. ಅವರು ನನ್ನ ಕಡೆ ನೋಡಿ ನಕ್ಕರು. "ಕೈ ಭಾಳ ಸಾಫ್ ಐತಿ ಬೇ ನಿಂದು" ಅಂದರು. ಹೊಲಿಗೆ ನೋಡಲೆಂದು ಕೈ ಎತ್ತಿ ಬಟ್ಟೆಯನ್ನು ಸವರಿದರು. ಸವರುತ್ತಿದ್ದ ಕೈ ನಿಂತಿತು. ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಮೂಲೆಯ ಕೆಂಪು ಕಲೆ ಕಂಡಿತು.

ಅವ್ವನ ಕಡೆ ತಿರುಗಿ ಅಂದರು, ಮೆಲ್ಲಗೆ. "ಮಿರಜ ಪ್ಯಾಟ್ಯಾಗ ಒಂದs ಥಾನಿನ್ಯಾಗ ಎರಡು ಪೀಸ್ ಹರಿಸಿದ್ರು ಅವರು. ಒಂದು ತಮಗ, ಒಂದು ಇವರಿಗೆ. ಇಬ್ಬರೂ ಹುಡುಗನ ಲಗ್ನದಾಗ ಜೋಡಿ ಹಾಕ್ಕೊಂಡು ನಿಂದ್ರತೀವಿ ಅಂತ. ಅವರ್ದು ಹೊಲಿಸಿದ್ದು ಹಂಗs ಐತಿ ನನ್ನ ಕಪಾಟಿನ್ಯಾಗ." ಕಲೆಯ ಮೇಲೆ ಬೆರಳಿಟ್ಟು ಮತ್ತೆ ಅಂದರು, "ಈ ಕುಂಕುಮ ನಾನs ಹಚ್ಚೀನಿ. ಆಗ ನನಗ ಹಚ್ಚೂ ಭಾಗ್ಯ ಇತ್ತು."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಲ್ಲಿಗೆ ಅಪ್ಪ ಗಾಡಿ ನಿಲ್ಲಿಸಿ, ತಪ್ಪಾಯಿತು ತಾಯಿ ಅಂದಿದ್ದರೆ ಸಾಕಿತ್ತು. ಆ ಹೆಂಗಸು ದೊಡ್ಡ ಮನಸ್ಸಿನವರು, ಅತ್ತು ಹಗುರಾಗಿ ಸುಮ್ಮನಾಗುತ್ತಿದ್ದರು. ನನಗೆ ಇದರಲ್ಲಿ ಅನುಮಾನವಿಲ್ಲ. ಆದರೆ ಸೋದರಮಾವನ ಮುಂದೆ ಅಪ್ಪನಿಗೆ ತಲೆ ತಗ್ಗಿಸಲು ಆಗಲಿಲ್ಲ. ಜೋರಾಗಿ ನಕ್ಕು, "ಟ್ರಂಕಿನ್ಯಾಗ ಇಲಿ ತಿನ್ನೂದಕಿಂತ ಛಲೋ ಆತಲ್ರಿ? ಏನರ ಕೆಲಸಕ್ಕ ಬಂತು!" ಅಂದ. ಮುಂದೆ ಕೂತ ಸೋದರಮಾವ ನಗಲಿಲ್ಲ.

ಯಲ್ಲಮ್ಮನ ಗುಡಿಯಲ್ಲಿ ಅವರು ಕಾಯಿ ಒಡೆಸಲಿಲ್ಲ. ಕೈ ಮುಗಿದು ಹೊರಗೆ ಬಂದರು. ಮರಳಿ ಬರುವಾಗ ಅಥಣಿ ಸ್ಟ್ಯಾಂಡಿನ ಹತ್ತಿರ ಇಳಿಸಿ ಎಂದರು. "ಹೊಟ್ಟಿ ಭಾಳ ತೊಳಸಾಕತ್ತೈತಿ, ನಾವು ಬಸ್ಸಿಗೆ ಹೋಗತೀವ್ರಿ." ಇಳಿಯುವ ಮೊದಲು ನನ್ನ ಕೆನ್ನೆಯನ್ನು ಎರಡೂ ಕೈಯಿಂದ ಸವರಿದರು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಅದೇ ನನ್ನನ್ನು ಇಂದಿಗೂ ಸುಡುತ್ತದೆ. ವಾರ ಕಳೆದ ಮೇಲೆ ಸೋದರಮಾವ ಬಂದು, ಈ ಸಂಬಂಧ ಬೇಡ ಅಂತ ಅಕ್ಕ ಅಂದಾಳ ಎಂದು ನಿಂತಲ್ಲೇ ಹೇಳಿ, ನೀರು ಕೂಡ ಕುಡಿಯದೆ ಹೋದರು.

ಅಪ್ಪ ಆ ದಿನ ಅವ್ವನ ಮೇಲೆ ಹರಿಹಾಯ್ದ. "ಅವರದs ಬಟ್ಟಿ ಅಂತ ನಿನಗ ಗೊತ್ತಿತ್ತು, ಯಾಕ ಹೇಳಲಿಲ್ಲ? ಮಗಳ ಬಾಳೇ ಹಾಳ ಮಾಡಿದಿ!" ಅವ್ವ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಲೇ ಇದ್ದಳು. "ಅವ್ವ ಹೇಳಾಕ ಬಂದಿದ್ಳು, ನೀನs ಬಾಯಿ ಮುಚ್ಚಿಸಿದಿ" ಎಂದು ನಾನು ಚೀರಿದೆ. ಅಪ್ಪ ಕೈ ಎತ್ತಿದ, ಅವ್ವ ನಡುವೆ ಬಂದಳು. ಬಂದು ನನ್ನನ್ನೇ ಬೈದಳು, ಅಪ್ಪನಿಗೆ ಎದುರಾಡಬೇಡ ಎಂದು. ಕಾಗವಾಡದಲ್ಲಿ, ಅಥಣಿಯಲ್ಲಿ ಕೇಳಿದವರಿಗೆಲ್ಲ ಅಪ್ಪ ಬೇರೆಯೇ ಕಥೆ ಹೇಳಿದ. ಬಹಳ ಬಂಗಾರ ಕೇಳಿದರು, ಅಂಥ ಆಸೆಬುರುಕರ ಮನೆಗೆ ಮಗಳನ್ನು ಕೊಡಲಿಲ್ಲ ಎಂದ. ಒಂದು ಗುಂಜಿ ಬಂಗಾರ ಕೇಳಿರದ ಆ ವಿಧವೆಯ ಹೆಸರು ಹೀಗೆ ಊರೂರಲ್ಲಿ ಕೆಟ್ಟಿತು.

ಆ ಬಟ್ಟೆಯನ್ನಾದರೂ ಕಿತ್ತು ತೆಗೆ ಎಂದೆ. ಖರ್ಚು ಮಾಡಿ ಕಟ್ಟಿಸಿದ್ದನ್ನು ಸುಮ್ಮನೆ ಯಾಕೆ ಕೀಳಬೇಕು ಎಂದ ಅಪ್ಪ.

ಮರುವರ್ಷ ನನ್ನನ್ನು ಕರೋಶಿಗೆ ಕೊಟ್ಟರು. ಹೊಲಮನೆ ಇದ್ದವರು, ಕೆಟ್ಟವರೇನಲ್ಲ. ಮದುವೆಯಾಗಿ ಗಂಡನ ಮನೆಗೆ ಹೋದದ್ದು ಅದೇ ಕಾರಿನಲ್ಲಿ. ಅಪ್ಪ ಅದಕ್ಕೆ ಚೆಂಡುಹೂವಿನ ಮಾಲೆ ಕಟ್ಟಿಸಿದ್ದ. ನನ್ನನ್ನು ಎಡಮೂಲೆಗೆ ಕೂರಿಸಿದರು. ಮದುಮಗಳು ತಲೆ ತಗ್ಗಿಸಿ ಕೂರಬೇಕಂತೆ. ನನಗೆ ಯಾರೂ ಹೇಳಬೇಕಾಗಲಿಲ್ಲ, ಚಿಕ್ಕೋಡಿ ದಾಟಿ ಕರೋಶಿ ಬರುವವರೆಗೂ ನಾನು ತಲೆ ಎತ್ತಲಿಲ್ಲ. ಮಿಷನ್ನು ಹಿಂದೆ ಟ್ರಾಕ್ಟರಿನಲ್ಲಿ ಬಂತು. ಅತ್ತೆ ಅದನ್ನು ನೋಡಿ, "ನಮ್ಮ ಮನೀ ಸೊಸೆಂದಿರು ಮಂದಿ ಬಟ್ಟಿ ಹೊಲಿಯೂದಿಲ್ಲ" ಅಂದರು. ಅಡುಗೆಮನೆಯ ಹಿಂದಿನ ಕತ್ತಲ ಖೋಲಿಗೆ ಒಯ್ದು ಇಟ್ಟರು. ತಿಂಗಳು ಕಳೆಯುವುದರಲ್ಲಿ ಅದರ ಮೇಲೆ ಉಪ್ಪಿನಕಾಯಿ ಭರಣಿಗಳು ಬಂದು ಕೂತವು. ಗಂಡನಿಗೆ ಹೇಳಿದೆ. "ಅವ್ವಗ ಕೇಳು" ಅಂದ.

ವರ್ಷಕ್ಕೊಮ್ಮೆ ತವರಿಗೆ ಕರೆದೊಯ್ಯಲು ಅಪ್ಪ ಅದೇ ಕಾರು ತರುತ್ತಿದ್ದ. ಗಾಡಿ ಹಳತಾಯಿತು. ಬಾಗಿಲು ತುಕ್ಕು ಹಿಡಿಯಿತು, ಸೀಟಿನ ಸ್ಪ್ರಿಂಗು ಮೇಲೆ ಬಂತು, ಹಾರ್ನು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡತೊಡಗಿತು. ಛತ್ತು ಮಾತ್ರ ಒಂದು ಬೆರಳಷ್ಟೂ ಇಳಿಯಲಿಲ್ಲ. ಒಂದಾದರೂ ಹೊಲಿಗೆ ಬಿಚ್ಚಬಾರದೇ ಎಂದು ಕಾದು ಸಾಕಾಯಿತು. ನನ್ನ ಕೈಗೆ ನಾನೇ ಶಾಪ ಹಾಕಿಕೊಂಡೆ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಪ್ಪನಿಗೆ ಕಣ್ಣು ಮಂಜಾಗಿ ಕಾರು ಮಾರಲು ತೆಗೆದ. ನಾನು ಆಗ ತವರಲ್ಲಿದ್ದೆ. ನಿಪ್ಪಾಣಿಯಿಂದ ಹಳೆಯ ಗಾಡಿಗಳ ವ್ಯಾಪಾರಿಯೊಬ್ಬ ನೋಡಲು ಬಂದ. ಬಾನೆಟ್ಟು ಎತ್ತಿ ಮುಖ ಸೊಟ್ಟ ಮಾಡಿದ, ಟಾಯರು ಒದ್ದು ನೋಡಿದ. ಒಳಗೆ ಕೂತವನು, "ಎಲ್ಲಾ ಹೋಗೈತಿ. ಛತ್ತ ಅಷ್ಟ ಹೊಸಾದ ಇದ್ದಂಗ ಐತಿ ನೋಡ್ರಿ" ಅಂದ. ಅಪ್ಪ ಎದೆ ಉಬ್ಬಿಸಿ, "ನನ್ನ ಮಗಳ ಹೊಲದಾಳ. ಆಕಿ ಕೈಯಾಗಿನ ಕೆಲಸ ಬೆಳಗಾವಿ ತನಕ ಹುಡಿಕ್ರೂ ಸಿಗೂದಿಲ್ಲ" ಅಂದ. ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದೂ ಗುಜರಿಯವನ ಮುಂದೆ, ರೇಟು ಏರಿಸಲಿಕ್ಕೆ.

ಅವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ನಾನು ತವರಲ್ಲೇ ಬಿಟ್ಟು ಹೋಗಿದ್ದ ದೊಡ್ಡ ಕತ್ತರಿ ಇತ್ತು. ಯಾರಿಗೂ ಏನೂ ಹೇಳದೆ ಕಾರಿನ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಮೊಣಕಾಲೂರಿ, ಎಡಮೂಲೆಯಿಂದ ಶುರು ಮಾಡಿದಳು. ಗಟ್ಟಿ ಬಟ್ಟೆ ಕರ್ ಕರ್ ಎಂದು ಕತ್ತರಿಸುವ ಸದ್ದು ಅಂಗಳದವರೆಗೆ ಕೇಳಿತು. "ಹುಚ್ಚ ಹಿಡದೈತೇನ ನಿನಗ? ಗಾಡಿ ಮಾರಾಕತ್ತೀನಿ!" ಎಂದು ಅಪ್ಪ ಕೂಗಿದ. ಅವ್ವ ತಿರುಗಿ ನೋಡದೆ, "ಗಾಡಿ ನಿಮ್ಮದು, ಮಾರ್ರಿ. ಇದು ಮಾರೂದಲ್ಲ" ಅಂದಳು. ಅಪ್ಪನ ಮುಂದೆ ಅವಳು ಹಾಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಸರಳಿನಿಂದ ಸರಳಿಗೆ ಕತ್ತರಿಸುತ್ತಾ ಹೋಗಿ, ಇಡೀ ಛತ್ತನ್ನು ಇಳಿಸಿಕೊಂಡು ಹೊರಗೆ ಬಂದಳು. ಅವಳ ತಲೆ, ಹೆಗಲು, ಸೀರೆ ಎಲ್ಲ ಧೂಳು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು, ಈ ಸಲ ಅವ್ವನ ಮೇಲೆ. ಇಷ್ಟು ಧೈರ್ಯ ನಿನ್ನಲ್ಲಿ ಇತ್ತಲ್ಲ, ಅಂದು ಎಲ್ಲಿ ಇಟ್ಟಿದ್ದೆ? ಗಾಡಿ ಚಾಲೂ ಆಗುವ ಮೊದಲು, ಬಾಯಿ ಮುಚ್ಚು ಅಂದಾಗ ಮುಚ್ಚದೆ ಇದ್ದಿದ್ದರೆ?

ಅವ್ವ ಬಟ್ಟೆಯನ್ನು ಝಾಡಿಸಿ, ಕುಂಕುಮದ ಮೂಲೆ ಒಳಗೆ ಬರುವಂತೆ ಮಡಚಿದಳು. ಹತ್ತಿರ ಬಂದು ನನ್ನ ಕೈಗೆ ಕೊಟ್ಟು, "ತಗೊ ಬೇ. ಇನ್ನೂ ಗಟ್ಟಿ ಐತಿ. ಒಯ್ದು ಏನರ ಹೊಲಕೋ" ಅಂದಳು.

"ಎಲ್ಲಿ ಕುಂತು ಹೊಲೀಲೆವ್ವಾ?" ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಟ್ಟೆಯನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡು ಒಳಗೆ ಹೋದಳು. ಟ್ರಂಕಿನ ಮುಚ್ಚಳ ಬಿದ್ದ ಸದ್ದು ಕೇಳಿತು. ಅವ್ವ ಸತ್ತ ಮೇಲೆ ತೆರೆದು ನೋಡಿದಾಗ ಅದು ಬಲಗಡೆಯೇ ಇತ್ತು, ರಾಯಬಾಗದ ಗುಂಪಿನಲ್ಲಿ, ಎಲ್ಲಕ್ಕಿಂತ ಮೇಲೆ.